ಉಲ್ಲೇಖದ ಲೆಕ್ಕವೂ ಕೊಡಗಿನ ಜೀವಶಾಸ್ತ್ರವೂ

ಜೀವಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರದಲ್ಲಿ ಯಾವ ವಿಶ್ವವಿದ್ಯಾಲಯದ ಸಂಶೋಧನೆ ಹೆಚ್ಚು ಪ್ರಭಾವಶಾಲಿ ಎಂಬುದನ್ನು ಇಂದು ನಿರ್ಧರಿಸುವುದು ಮುಖ್ಯವಾಗಿ ಉಲ್ಲೇಖಗಳ ಲೆಕ್ಕದಿಂದ, ಅಂದರೆ ಒಂದು ಸಂಶೋಧನಾ ಪ್ರಬಂಧವನ್ನು ಅನಂತರದ ಪ್ರಬಂಧಗಳು ತಮ್ಮ ಆಧಾರಪಟ್ಟಿಯಲ್ಲಿ ಎಷ್ಟು ಬಾರಿ ಹೆಸರಿಸಿವೆ ಎಂಬುದರಿಂದ. ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಹೊರತಂದ ಉಲ್ಲೇಖಸೂಚಿಯು ವಿದ್ವಾಂಸರು ತಮಗೆ ಬೇಕಾದ ಬರಹಗಳನ್ನು ಹುಡುಕಿಕೊಳ್ಳಲೆಂದು ಹುಟ್ಟಿದ ಸಾಧನವಾಗಿತ್ತು. ಅದರ ಮುಂದುವರಿಕೆಯಾಗಿ ಕ್ಲಾರಿವೇಟ್ ಸಂಸ್ಥೆ ಪ್ರಕಟಿಸುವ ‘ಎಸೆನ್ಷಿಯಲ್ ಸೈನ್ಸ್ ಇಂಡಿಕೇಟರ್ಸ್’ ಎಂಬ ಕೋಷ್ಟಕವು ಜ್ಞಾನವನ್ನು 22 ಕ್ಷೇತ್ರಗಳಾಗಿ ವಿಂಗಡಿಸಿ, ಸುಮಾರು ಹತ್ತು ವರ್ಷಗಳ ಒಟ್ಟು ಉಲ್ಲೇಖಗಳನ್ನು ಕೂಡಿಸಿ, ಪ್ರತಿ ಕ್ಷೇತ್ರದ ಮೇಲಿನ ಶೇ. 1ರಷ್ಟು ಸಂಸ್ಥೆಗಳನ್ನು ಮಾತ್ರ ಪಟ್ಟಿಗೆ ಸೇರಿಸುತ್ತದೆ. ‘ಜೀವಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ’ ಆ 22ರಲ್ಲಿ ಒಂದು.

ಈ ಕ್ರಮಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲೇ ಸಲ್ಲಿಸಬೇಕು. ಪ್ರತಿಷ್ಠೆಯ ಸಮೀಕ್ಷೆಗಳನ್ನು ನೆಚ್ಚುವ ಶ್ರೇಯಾಂಕಗಳಲ್ಲಿ ಹಳೆಯ ಹೆಸರಿಗೆ ಹೊಸ ಅಂಕ ಸಿಗುವುದು ಸುಲಭ. ಉಲ್ಲೇಖದ ಲೆಕ್ಕವನ್ನಾದರೆ ಯಾರು ಬೇಕಾದರೂ ಮರುಪರಿಶೀಲಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1921ರಿಂದ ಇರುವ ಜೀವರಸಾಯನಶಾಸ್ತ್ರ ವಿಭಾಗದಂಥ ಕಡೆ ಪಿಎಚ್‌.ಡಿ. ಮಾಡಬಯಸುವ ವಿದ್ಯಾರ್ಥಿಗೆ, ಅಲ್ಲಿನ ಕೆಲಸವನ್ನು ಜಗತ್ತಿನ ಇತರ ಪ್ರಯೋಗಾಲಯಗಳು ಎಷ್ಟರಮಟ್ಟಿಗೆ ಬಳಸಿಕೊಳ್ಳುತ್ತಿವೆ ಎಂಬ ತಿಳಿವಳಿಕೆ ನಿಜಕ್ಕೂ ಉಪಯುಕ್ತವಾದದ್ದು.

ಆದರೆ ಬಳಕೆ ಬೇರೆ, ಮಹತ್ವ ಬೇರೆ ಎಂಬುದಕ್ಕೆ ಜೀವರಸಾಯನಶಾಸ್ತ್ರದ ಇತಿಹಾಸವೇ ಸಾಕ್ಷಿಯಾಗಿದೆ. ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ, ದ್ರಾವಣವೊಂದರಲ್ಲಿ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನದ ಪ್ರಬಂಧವು 3 ಲಕ್ಷಕ್ಕೂ ಮೀರಿದ ಉಲ್ಲೇಖಗಳನ್ನು ಪಡೆದು, ವಿಜ್ಞಾನದ ಎಲ್ಲ ಕ್ಷೇತ್ರಗಳಲ್ಲೂ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧವೆನಿಸಿತು. ಪ್ರಯೋಗಾಲಯದ ನಿತ್ಯದ ಕೆಲಸಕ್ಕೆ ಅದು ಬೇಕೇ ಬೇಕಾಗಿದ್ದುದು ಇದಕ್ಕೆ ಕಾರಣವೇ ಹೊರತು, ಜೀವದ ಬಗ್ಗೆ ಅದು ಹೇಳಿದ ಹೊಸ ಮಾತು ಕಾರಣವಲ್ಲ. ಇನ್ನೊಂದೆಡೆ, ಜಿ.ಎನ್. ರಾಮಚಂದ್ರನ್ ಅವರು ಸಹೋದ್ಯೋಗಿಗಳೊಡನೆ ಮದ್ರಾಸು ವಿಶ್ವವಿದ್ಯಾಲಯದಲ್ಲಿ ರೂಪಿಸಿ 1963ರಲ್ಲಿ ಪ್ರಕಟಿಸಿದ, ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ಬಾಗಬಲ್ಲದು ಎಂಬುದನ್ನು ತೋರಿಸುವ ನಕ್ಷೆಯು ಪಠ್ಯಪುಸ್ತಕಗಳ ಭಾಗವಾಗಿಬಿಟ್ಟಿದ್ದರಿಂದ, ಅದನ್ನು ಬಳಸುವ ಅನೇಕರು ಮೂಲ ಪ್ರಬಂಧವನ್ನು ಹೆಸರಿಸುವ ಗೋಜಿಗೇ ಹೋಗುವುದಿಲ್ಲ. ಪೂರ್ಣವಾಗಿ ಗೆದ್ದ ವಿಚಾರವು ಉಲ್ಲೇಖದ ಲೆಕ್ಕದಿಂದ ಹೀಗೆ ಜಾರಿಹೋಗುವುದು ಈ ಮಾಪನದ ಸಣ್ಣ ಲೋಪವಲ್ಲ.

ಕೊಡಗಿನಂಥ ಜಿಲ್ಲೆಯನ್ನು ಮುಂದಿಟ್ಟುಕೊಂಡು ನೋಡಿದರೆ ಇದಕ್ಕಿಂತ ಆಳವಾದ ತೊಡಕು ಕಾಣುತ್ತದೆ. ಕೋಷ್ಟಕವು ಪ್ರಬಂಧದ ವಿಷಯವನ್ನು ಓದಿ ಕ್ಷೇತ್ರವನ್ನು ನಿರ್ಧರಿಸುವುದಿಲ್ಲ. ಬಹುಶಾಸ್ತ್ರೀಯ ಪತ್ರಿಕೆಗಳನ್ನು ಹೊರತುಪಡಿಸಿ, ಪ್ರತಿಯೊಂದು ಸಂಶೋಧನಾ ಪತ್ರಿಕೆಯನ್ನೂ ಒಂದೇ ಕ್ಷೇತ್ರಕ್ಕೆ ಹಂಚಿ, ಅದರಲ್ಲಿ ಅಚ್ಚಾದದ್ದೆಲ್ಲವನ್ನೂ ಆ ಕ್ಷೇತ್ರಕ್ಕೇ ಸೇರಿಸುತ್ತದೆ. ಸಸ್ಯ ಮತ್ತು ಪ್ರಾಣಿವಿಜ್ಞಾನ, ಪರಿಸರ, ಕೃಷಿವಿಜ್ಞಾನ, ಸೂಕ್ಷ್ಮಜೀವಿಶಾಸ್ತ್ರ ಇವೆಲ್ಲ ಬೇರೆ ಬೇರೆ ಕ್ಷೇತ್ರಗಳಾಗಿರುವುದರಿಂದ, ಕಾಡು, ಕಾಫಿ, ಏಲಕ್ಕಿಗಳ ನಾಡಿನಲ್ಲಿ ಜೀವದ ಅಧ್ಯಯನವೆಂದು ನಡೆದದ್ದರಲ್ಲಿ ಬಹುಪಾಲು ‘ಜೀವಶಾಸ್ತ್ರ’ ಎಂಬ ಹೆಸರಿನ ಕ್ಷೇತ್ರದ ಹೊರಗೇ ಉಳಿಯುತ್ತದೆ.

ಪೊನ್ನಂಪೇಟೆಯಲ್ಲಿ 1995ರಲ್ಲಿ ಆರಂಭವಾದ ಅರಣ್ಯ ಮಹಾವಿದ್ಯಾಲಯದ ಸಿ.ಜಿ. ಕುಶಾಲಪ್ಪ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಶೋನಿಲ್ ಭಾಗವತ್ ಮೊದಲಾದವರೊಡನೆ 2005ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದಕ್ಕೆ ಒಳ್ಳೆಯ ನಿದರ್ಶನ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳ ಮರ, ಹಕ್ಕಿ, ಅಣಬೆಗಳನ್ನು ಕಾಫಿ ತೋಟಗಳ ಮತ್ತು ಮೀಸಲು ಅರಣ್ಯದ ಜೀವಸಂಪತ್ತಿನೊಡನೆ ಹೋಲಿಸಿದ ಈ ಕೆಲಸವು, ಸರ್ಕಾರಿ ಅರಣ್ಯದ ಗಡಿಯಾಚೆಗೂ ಜೀವವೈವಿಧ್ಯ ಉಳಿದಿದೆಯೆಂದೂ, ಊರವರ ನಂಬಿಕೆ ಮತ್ತು ನೆರಳುಮರಗಳ ಬೇಸಾಯಗಳು ಅದಕ್ಕೆ ಆಸರೆಯಾಗಿವೆಯೆಂದೂ ತೋರಿಸಿಕೊಟ್ಟಿತು. ಇಂಥ ಬರಹ ಲೆಕ್ಕಕ್ಕೆ ಸೇರುವುದು ಪರಿಸರದ ಕ್ಷೇತ್ರದಲ್ಲಿ. ಅಲ್ಲಿಯೂ ಅದರ ಶ್ರೇಯಸ್ಸು ಮಹಾವಿದ್ಯಾಲಯದ ಹೆಸರಿಗೆ ಬರದೆ ಮಾತೃ ವಿಶ್ವವಿದ್ಯಾಲಯದ ಖಾತೆಗೆ ಹೋಗುತ್ತದೆ; ಆ ಮಾತೃಸಂಸ್ಥೆ ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವಾಗಿದ್ದು, ಬಳಿಕ 2012ರಲ್ಲಿ ಸ್ಥಾಪಿತವಾದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಾಯಿತು, ಅನಂತರ ಅದಕ್ಕೆ ಕೆಳದಿ ಶಿವಪ್ಪ ನಾಯಕರ ಹೆಸರು ಸೇರಿತು. ಹೀಗೆ ಒಂದೇ ಊರಿನ, ಒಂದೇ ಕಟ್ಟಡದ ಕೆಲಸವು ಹಲವು ಹೆಸರುಗಳಲ್ಲಿ ಚದುರಿಹೋಗುವಾಗ, ಆಕ್ಸ್‌ಫರ್ಡಿನ ಹೆಸರಿಗೆ ಅಂಥ ತೊಂದರೆಯಿಲ್ಲ. ಪ್ರತಿ ಸಹಲೇಖಕನ ಸಂಸ್ಥೆಗೂ ಪ್ರಬಂಧವನ್ನು ಇಡಿಯಾಗಿ ಸಲ್ಲಿಸುವ ಪೂರ್ಣ ಎಣಿಕೆಯ ಬದಲು, ಲೈಡನ್ ವಿಶ್ವವಿದ್ಯಾಲಯದ ಶ್ರೇಯಾಂಕಪಟ್ಟಿಯವರಂತೆ ಪಾಲು ಹಂಚಿ ಎಣಿಸಿದರೆ, ಬಹುರಾಷ್ಟ್ರೀಯ ಸಹಯೋಗಗಳಲ್ಲಿ ಸಣ್ಣ ಪಾಲು ಪಡೆದೂ ದೊಡ್ಡ ಅಂಕ ಗಳಿಸುವುದು ತಪ್ಪುತ್ತದೆ. ಹೆಸರು ಚದುರುವ ಸಮಸ್ಯೆ ಮಾತ್ರ ಆಗಲೂ ಉಳಿಯುತ್ತದೆ.

ಮಡಿಕೇರಿಯ ಬಳಿಯ ಅಪ್ಪಂಗಳದಲ್ಲಿರುವ, ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದ ಕೆಲಸ ಇನ್ನೂ ಬೇರೆ ಬಗೆಯದು. ಗಿಡಹೇನುಗಳಿಂದ ಹರಡುವ ವೈರಾಣುವಿನಿಂದ ಬರುವ, ಬೆಳೆಗಾರರು ಕಟ್ಟೆ ರೋಗವೆಂದು ಕರೆಯುವ ಕಾಯಿಲೆಯು ಏಲಕ್ಕಿ ತೋಟಗಳನ್ನೇ ಹಾಳುಗೆಡವುತ್ತದೆ. ಅದನ್ನು ತಡೆದುಕೊಳ್ಳುವ ‘ವಿಜೇತ’ ತಳಿಯನ್ನು ಈ ಕೇಂದ್ರ ರೂಪಿಸಿತು. ತಳಿಯೊಂದು ತೋಟದಿಂದ ತೋಟಕ್ಕೆ ಹರಡುವಾಗ ಯಾವ ಬೆಳೆಗಾರನೂ ಆಧಾರಪಟ್ಟಿ ಬರೆಯುವುದಿಲ್ಲ. ಕಾಫಿಗಾಗಿ 1946ರಿಂದ ಚೆಟ್ಟಳ್ಳಿಯಲ್ಲಿ ನಡೆದುಬಂದಿರುವ ಉಪಕೇಂದ್ರದ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ. ಇವು ವಿಶ್ವವಿದ್ಯಾಲಯಗಳಲ್ಲ, ಆದ್ದರಿಂದ ವಿಶ್ವವಿದ್ಯಾಲಯಗಳ ಪಟ್ಟಿಗೆ ಬಾರವು ಎಂಬ ಸಮಾಧಾನ ಸಾಲದು. ‘ಪ್ರಭಾವ’ ಎಂಬ ದೊಡ್ಡ ಮಾತನ್ನು ವಿದ್ವಾಂಸರ ಪರಸ್ಪರ ಉಲ್ಲೇಖಕ್ಕಷ್ಟೇ ಮೀಸಲಿಡುವುದು ತಪ್ಪು ಎಂಬುದೇ ಇಲ್ಲಿನ ವಾದ. ಸಂಶೋಧಕರನ್ನು ಪತ್ರಿಕೆಗಳ ಅಂಕಗಳಿಂದ ಅಳೆಯಬಾರದೆಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿತ್ತು. ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕೆಂದು 2015ರ ಲೈಡನ್ ಪ್ರಣಾಳಿಕೆ ಸ್ಪಷ್ಟವಾಗಿಯೇ ಕೇಳಿಕೊಂಡಿತು.

ಈ ಪ್ರಶ್ನೆ ಕೊಡಗಿಗೆ ಈಗ ತುರ್ತಿನದು. ಕುಶಾಲನಗರದ ಸಮೀಪದ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನ ಕಾವೇರಿಯು, ತನ್ನ ಜೀವರಸಾಯನಶಾಸ್ತ್ರ ಮತ್ತು ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳೊಡನೆ, 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. 2025ರ ಆರಂಭದಲ್ಲಿಯೇ, ಹಣದ ಕೊರತೆಯನ್ನು ಮುಂದಿಟ್ಟು, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವಂತೆ ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿದಾಗ ಇದರ ಹೆಸರೂ ಅದರಲ್ಲಿತ್ತು. ಹತ್ತು ವರ್ಷಗಳ ಉಲ್ಲೇಖಗಳನ್ನು ಕೂಡಿಸುವ ಕೋಷ್ಟಕದಲ್ಲಿ ಇಂಥ ಎಳೆಯ ಸಂಸ್ಥೆ ಕಾಣಿಸದಿರುವುದು ಅದರ ಅಯೋಗ್ಯತೆಯ ಪುರಾವೆಯಾಗಲಾರದು, ಏಕೆಂದರೆ ಅಲ್ಲಿನ ಅಧ್ಯಾಪಕರ ಹಿಂದಿನ ಪ್ರಬಂಧಗಳೆಲ್ಲ ಮಂಗಳೂರಿನ ಲೆಕ್ಕದಲ್ಲಿವೆ. ಅಪ್ಪಂಗಳ, ಚೆಟ್ಟಳ್ಳಿ, ಪೊನ್ನಂಪೇಟೆಗಳು ಒಂದೇ ಜಿಲ್ಲೆಯಲ್ಲಿರುವಾಗ, ಈ ವಿಶ್ವವಿದ್ಯಾಲಯದ ಮೌಲ್ಯಮಾಪನಕ್ಕೆ ಹೊರಡುವವರು ಮೊದಲು ನೋಡಬೇಕಾದದ್ದು ಅದರ ಪ್ರಯೋಗಾಲಯಗಳಿಗೂ ಆ ಮೂರು ಕೇಂದ್ರಗಳಿಗೂ ನಡುವೆ ಏನು ಕೊಡುಕೊಳ್ಳುವಿಕೆ ನಡೆಯುತ್ತಿದೆ, ಕಟ್ಟೆ ರೋಗದ ವೈರಾಣುವನ್ನೋ ಕಾಫಿ ತೋಟದ ಮಣ್ಣಿನ ಸೂಕ್ಷ್ಮಜೀವಿಗಳನ್ನೋ ಪರೀಕ್ಷಿಸಲು ಅಲ್ಲಿನ ವಿದ್ಯಾರ್ಥಿಗಳಿಗೆ ಉಪಕರಣ ಮತ್ತು ಅನುದಾನಗಳು ದೊರೆತಿವೆಯೇ ಎಂಬುದನ್ನು.