‘ಕರೆಂಟ್’ ಎಂಬ ಮಾತು ಗೊತ್ತಿಲ್ಲದ ವಿಡಿಯೊಗಳು

ಸಿದ್ದಾಪುರದ ಕಡೆ ‘ವಿಕಿರಣ ಚಿಕಿತ್ಸೆ’ ಅನ್ನುವವರನ್ನು ನಾನು ಕಂಡಿಲ್ಲ. ‘ಕರೆಂಟ್ ಕೊಡ್ತಾರ’ ಅನ್ನುತ್ತಾರೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿಬಂದವರ ಮನೆಗಳಲ್ಲಿ ಈ ಮಾತು ರೂಢಿ. ಮಾತಿನ ಬೆನ್ನಿಗೇ ಹೆದರಿಕೆಯೂ ಇದೆ: ಶಾಕ್ ಹೊಡೆದರೆ? ಕ್ಯಾನ್ಸರ್ ಬಗ್ಗೆ ಕನ್ನಡದಲ್ಲಿ ತಿಳಿವಳಿಕೆ ಕೊಡುವ ವಿಡಿಯೊಗಳನ್ನು ಕೆಲವು ವಾರ ಬಿಡದೆ ನೋಡಿದೆ. ತಜ್ಞರು ತಪ್ಪಿಲ್ಲದೆ ವಿವರಿಸುತ್ತಾರೆ. ಆದರೆ ಹೊರಗಿನಿಂದ ಕಿರಣ ಹಾಯಿಸುವ ಹೊತ್ತಿನಲ್ಲಿ ಎಕ್ಸ್‌-ರೇ ತೆಗೆಸಿಕೊಂಡ ಹಾಗೆಯೇ, ನೋವಿರುವುದಿಲ್ಲ, ಚರ್ಮ ಕಪ್ಪಾಗುವುದು, ಬಾಯಿ ಹುಣ್ಣಾಗುವುದು ಆಮೇಲಿನ ಮಾತು ಎಂಬ ಸರಳ ವಾಕ್ಯ ನನ್ನ ಕಿವಿಗೆ ಬೀಳಲೇ ಇಲ್ಲ.

ಇಂಥ ಸಾಮಗ್ರಿಯ ಗುಣಮಟ್ಟ ಅಳೆಯಲು ವೈದ್ಯಲೋಕದಲ್ಲಿ ಮಾಪಕಗಳಿವೆ. ಡಿಸ್ಕರ್ನ್‌ನಲ್ಲಿ 16 ಪ್ರಶ್ನೆಗಳು: ಮಾಹಿತಿಯ ಮೂಲ ಹೇಳಿದ್ದಾರೆಯೇ, ಚಿಕಿತ್ಸೆಯ ಅಪಾಯ ಹೇಳಿದ್ದಾರೆಯೇ, ಹೀಗೆ. ಪೆಮ್ಯಾಟ್ ಮುಖ್ಯವಾಗಿ ನೋಡುವುದು ಎರಡನ್ನು: ಅರ್ಥವಾಗುತ್ತದೆಯೇ, ಮುಂದೇನು ಮಾಡಬೇಕೆಂದು ತಿಳಿಯುತ್ತದೆಯೇ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪ್ರಾಸ್ಟೇಟ್ ಕ್ಯಾನ್ಸರ್ ಕುರಿತ 150 ಯೂಟ್ಯೂಬ್ ವಿಡಿಯೊಗಳನ್ನು ಪರಿಶೀಲಿಸಿತು. ಶೇ. 77ರಲ್ಲಿ, ವಿಡಿಯೊದೊಳಗೋ ಕೆಳಗಿನ ಕಮೆಂಟುಗಳಲ್ಲೋ, ದಾರಿ ತಪ್ಪಿಸಬಹುದಾದ ಅಥವಾ ಏಕಪಕ್ಷೀಯ ಮಾಹಿತಿ ಇತ್ತು. ವೈಜ್ಞಾನಿಕ ಗುಣಮಟ್ಟ ಇಳಿದಷ್ಟೂ ನೋಡುಗರ ಸ್ಪಂದನ ಏರಿತ್ತು. ಜನರ ಅಜ್ಞಾನ ಎಂದು ಕೈತೊಳೆದುಕೊಳ್ಳಬಹುದು. ನನಗೆ ಕಾಣುವುದು ಮಾತಿನ ಸೋಲು.

ಲಕ್ಷ್ಮಣಫಲದ ವಿಡಿಯೊ ನೋಡಿ. ‘ಅಮ್ಮಾ’ ಎಂದೇ ಮಾತು ಶುರು. ಎಲೆ ಎಷ್ಟು, ನೀರೆಷ್ಟು, ಕುಡಿಯುವುದು ಯಾವ ಹೊತ್ತಿಗೆ, ಎಲ್ಲವೂ ಅಲ್ಲಿದೆ. ಆ ಎಲೆಯಾಗಲಿ ಹಣ್ಣಾಗಲಿ ಮನುಷ್ಯರ ಕ್ಯಾನ್ಸರ್ ವಾಸಿಮಾಡುತ್ತದೆ ಎನ್ನಲು ಪುರಾವೆಯಿಲ್ಲ. ಪ್ರಯೋಗಾಲಯದ ಜೀವಕೋಶಗಳ ಮೇಲೆ ಕಂಡದ್ದನ್ನು ತಂದು ಅಡುಗೆಮನೆಯ ಕಷಾಯಕ್ಕೆ ಅಂಟಿಸಿದ್ದಾರೆ. ಆದರೂ ಪೆಮ್ಯಾಟ್‌ನ ಆ ಎರಡು ಪರೀಕ್ಷೆಗಳಲ್ಲಿ ಈ ಸುಳ್ಳು ಪಾಸು! ಡಾಕ್ಟರರ ವಿಡಿಯೊ ಮಾತ್ರ ‘ತಜ್ಞರನ್ನು ಸಂಪರ್ಕಿಸಿ’ ಎಂಬಲ್ಲಿಗೆ ಮುಗಿಯುತ್ತದೆ. ಯಾರನ್ನು, ಎಲ್ಲಿ?

ಕನ್ನಡಕ್ಕೆ ಈ ವಿದ್ಯೆ ಹೊಸದೇನಲ್ಲ. ಡಾ. ಅನುಪಮಾ ನಿರಂಜನ ಅವರ ‘ಕೇಳು ಕಿಶೋರಿ’ಯ ಹೆಸರಿನಲ್ಲೇ ಕೇಳುವವಳು ಕೂತಿದ್ದಾಳೆ. ವೈದ್ಯೆ, ಕಾದಂಬರಿಗಾರ್ತಿ ಎರಡೂ ಆಗಿದ್ದ ಅವರು 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ಇದೇ ರೋಗವನ್ನು ಅನುಭವಿಸಿದವರ ಬರಹ. ಕ್ಯಾಮೆರಾ ಮುಂದೆ ಕೂರುವ ವೈದ್ಯರು ಇವೆರಡನ್ನೂ ಓದಲಿ ಅನ್ನಿಸುತ್ತದೆ. (ಹಿನ್ನೆಲೆಯ ಶೋಕಸಂಗೀತವನ್ನೂ ತೆಗೆದರೆ ಉಪಕಾರ.)

ನಮ್ಮ ತುಂಗಭದ್ರಾ ಕಾಲುವೆ ಸೀಮೆಯಲ್ಲಿ ತಂಬಾಕು ದವಡೆಯಲ್ಲಿಟ್ಟುಕೊಂಡೇ ಭತ್ತದ ಗದ್ದೆಗಿಳಿಯುವವರಿದ್ದಾರೆ. ಅವರಿಗೆ ಬೇಕಾದದ್ದು ಇಷ್ಟು: ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನು ತೋರಿಸಿ. ಪರೀಕ್ಷೆಗೆ ತುಂಡು ತೆಗೆದರೆ ರೋಗ ಹರಡೀತೆಂದು ಅಂಜಿ ಕೂರಬೇಡಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಕೇಳಿ.

ನೋಡಿದವುಗಳಲ್ಲಿ ಚೆನ್ನಾಗಿದ್ದ ಒಂದನ್ನು ನಮ್ಮ ಕಾಕಾಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದ. ‘ಭಾಳ ಛಲೋ ಹೇಳಿದ್ಲಪಾ ಡಾಕ್ಟ್ರಮ್ಮ’ ಅಂದ. ಫೋನು ವಾಪಸು ಕೊಡುತ್ತಾ ಕೇಳಿದ: ‘ಈಕಿ ಗಂಗಾವತಿಯಾಗ ಯಾವತ್ತ ಸಿಗ್ತಾಳ?’