ಶೋಕೇಸಿಗೆ ಬಾರದ ಗಾಜು

ಗಾಜಿನ ಸಾಮಾನು ಕೂಡಿಸುವ ಹುಚ್ಚು ಶ್ರೀಮಂತರದು ಎಂದು ನಾವು ತಿಳಿದಿದ್ದೇವೆ. ಆದರೆ ಜಮಖಂಡಿಯಲ್ಲಾಗಲಿ, ಬನಹಟ್ಟಿಯಲ್ಲಾಗಲಿ ಪಡಸಾಲೆಯಲ್ಲಿ ಶೋಕೇಸು ಇಲ್ಲದ ಮನೆ ಎಷ್ಟಿವೆ ಹೇಳಿ? ಅದರೊಳಗೆ ಬಣ್ಣದ ಹೂದಾನಿ, ಲಗ್ನದಲ್ಲಿ ಬಂದ ಲೆಮನ್ ಸೆಟ್ಟು, ಯಾರೂ ಎಂದೂ ಬಾಯಿ ಹಚ್ಚದ ಆರು ಗ್ಲಾಸು. ನೀರು ಕೇಳಿದವರಿಗೆ ಮಾತ್ರ ಸ್ಟೀಲಿನದು. ಚಲೋ ವಸ್ತು ನೋಡಲಿಕ್ಕೆ, ಸಾದಾ ವಸ್ತು ಬಳಸಲಿಕ್ಕೆ ಎಂಬ ನಮ್ಮ ಈ ರುಚಿಯ ಮೇಲೆ ನನ್ನದೊಂದು ತಕರಾರಿದೆ.

ಈ ರುಚಿ ನಮ್ಮದೊಂದೇ ಅಲ್ಲ. ದೂರದ ಫಿನ್‌ಲ್ಯಾಂಡಿನ ಹಳೆಯ ಗಾಜಿಗಾಗಿ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ. 1946ರಲ್ಲಿ ಟಾಪಿಯೊ ವಿರ್ಕಲಾ ಎಂಬ ಕಲಾವಿದ ಇಟ್ಟಾಲಾ ಕಾರ್ಖಾನೆಗಾಗಿ ‘ಕಾಂತಾರೆಲ್ಲಿ’ ಎಂಬ ಹೂದಾನಿ ರೂಪಿಸಿದ. ಅದು ಕಾಡಿನ ಒಂದು ಅಣಬೆಯ ಹೆಸರು. ಮಳೆ ಬಿದ್ದ ಮರುದಿನ ಅರಳಿದ ಅಣಬೆಯಂತೆಯೇ ಅದರ ಅಂಚು ಹೊರಕ್ಕೆ ಬಾಗಿದೆ. ಮೈಮೇಲೆ ಕೂದಲೆಳೆಯಂಥ ಗೆರೆಗಳು. ಚಿತ್ರದಲ್ಲಿ ನೋಡಿದರೂ ಕೈ ಚಾಚಬೇಕೆನ್ನಿಸುತ್ತದೆ. ಸುಳ್ಳೇಕೆ ಹೇಳಲಿ, ಚೆಲುವಾಗಿದೆ. ಯುದ್ಧದಲ್ಲಿ ಸೋತು 1952ರವರೆಗೂ ಸೋವಿಯತ್ ದೇಶಕ್ಕೆ ದಂಡ ತೆತ್ತ ದೇಶ ಅದು. 1951ರ ಮಿಲಾನ್ ಪ್ರದರ್ಶನದಲ್ಲಿ ವಿರ್ಕಲಾನಿಗೆ ಮೂರು ದೊಡ್ಡ ಬಹುಮಾನ ಬಂದವು. ಜಗತ್ತು ಆ ದೇಶವನ್ನು ಅದರ ಗಾಜಿನಿಂದ ಗುರುತಿಸತೊಡಗಿತು, ಸರಕಿನ ಜೊತೆಗೆ ಕಲಾವಿದರ ಹೆಸರೂ ಮಾರಾಟಕ್ಕೆ ಹೋಯಿತು. ಇಂದಿಗೂ ಸಂಗ್ರಾಹಕ ಮೊದಲು ಪಾತ್ರೆಯನ್ನು ಬೋರಲು ಮಾಡಿ ತಳದಲ್ಲಿ ಕೆತ್ತಿದ ಸಹಿ ಹುಡುಕುತ್ತಾನೆ. ಕುಲುಮೆಯ ಮುಂದೆ ನಿಂತು ಕೊಳವೆಯಲ್ಲಿ ಉಸಿರು ಊದಿದವನ ಹೆಸರು ಅಲ್ಲಿರುವುದು ಅಪರೂಪ. ಇದು ನಮಗೆ ಹೊಸದಲ್ಲ. ರಬಕವಿಯ ಸೀರೆ ಉಟ್ಟವರು ದಡಿಯನ್ನು ಹೊಗಳುತ್ತಾರೆ; ಮಗ್ಗದ ಮೇಲೆ ಕೂತವರ ಹೆಸರನ್ನು ಯಾರು ಕೇಳಿದ್ದಾರೆ?

ಈ ಹೆಸರಿನ ಹುಚ್ಚಿಗೆ ತಿರುಗಿಬಿದ್ದವನೂ ಫಿನ್‌ಲ್ಯಾಂಡಿನವನೇ. ಕಾಯ್ ಫ್ರಾಂಕ್ ಎಂಬ ವಿನ್ಯಾಸಕಾರ ದಿನಬಳಕೆಯ ವಸ್ತುವಿಗೆ ಕಲಾವಿದನ ಹೆಸರು ಹಚ್ಚಿ ಮಾರಬಾರದು ಎಂದು ಅರವತ್ತರ ದಶಕದಲ್ಲಿ ವಾದಿಸಿದ. ಅವನು 1958ರಲ್ಲಿ ಮಾಡಿದ ನೀರಿನ ಗ್ಲಾಸಿಗೆ ಹೂವಿಲ್ಲ, ಬಳ್ಳಿಯಿಲ್ಲ; ಬಣ್ಣ ಮತ್ತು ಆಕಾರ, ಅಷ್ಟೇ. ಈಗ ಅದೂ ಅವನ ಹೆಸರಿನಿಂದಲೇ ಮಾರಾಟವಾಗುತ್ತದೆ, ಆ ಮಾತು ಬೇರೆ. ಅವನಿಗಿಂತ ಮೊದಲೇ, 1932ರಲ್ಲಿ, ಐನೊ ಆಲ್ಟೊ ಎಂಬ ಹೆಣ್ಣುಮಗಳು ಅಚ್ಚಿನಲ್ಲಿ ಒತ್ತಿ ತೆಗೆಯುವ ಅಗ್ಗದ ಗ್ಲಾಸು ರೂಪಿಸಿದ್ದಳು. ನೀರಿಗೆ ಕಲ್ಲು ಒಗೆದಾಗ ಏಳುವ ಉಂಗುರಗಳಂಥ ಸುತ್ತುಗಳು ಅದರ ಮೇಲೆ. ತೊಳೆಯುವಾಗ ಒದ್ದೆ ಕೈಯಿಂದ ಜಾರದ ಗ್ಲಾಸು ಅದು ಎಂದು ನೋಡಿದೊಡನೆ ಯಾವ ಗೃಹಿಣಿಗೂ ತಿಳಿಯುತ್ತದೆ. ನನ್ನನ್ನು ಕೇಳಿದರೆ ವಿರ್ಕಲಾನ ಅಣಬೆಗಿಂತ ಈ ಗ್ಲಾಸೇ ಒಂದು ಕೈ ಮೇಲು.

ಇಂಥ ಗಾಜು ನಮಗೂ ಇತ್ತು. ಸ್ವದೇಶಿ ಚಳವಳಿಯ ಕಾಲಕ್ಕೆ ಜನರಿಂದ ಪೈಸೆ ಪೈಸೆ ಕೂಡಿಸಿದ ‘ಪೈಸಾ ಫಂಡ್’ನಿಂದ 1908ರಲ್ಲಿ ಪುಣೆಯ ಹತ್ತಿರ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ನಿಂತಿತು. 1916ರಲ್ಲಿ ಓಗಲೆ ಬಂಧುಗಳ ಕಾರ್ಖಾನೆ ಹುಟ್ಟಿತು. ಕರಾಡದ ಹತ್ತಿರ ಅದರ ಸುತ್ತ ಬೆಳೆದ ಊರಿಗೆ ಓಗಲೆವಾಡಿ ಎಂದೇ ಹೆಸರಾಯಿತು. ಅಲ್ಲಿಯ ಪ್ರಭಾಕರ ಕಂದೀಲು ಮನೆಮಾತಾದದ್ದು ಜಮಖಂಡಿ, ಮುಧೋಳ ಇನ್ನೂ ಸಂಸ್ಥಾನಗಳಾಗಿದ್ದ ಕಾಲದಲ್ಲಿ. ಹೊತ್ತು ಮುಳುಗುವ ಮುಂಚೆ ಕಂದೀಲಿನ ಗಾಜಿನೊಳಗೆ ಕೈ ತೂರಿಸಿ, ಬೂದಿ ಹಚ್ಚಿ, ಅರಿವೆಯಿಂದ ಒರೆಸುವುದು ಮನೆಯ ಹುಡುಗಿಯರ ಕೆಲಸ. ಗಂಡಸರ ಕೈ ಅದರೊಳಗೆ ಹೋಗುವುದಿಲ್ಲ ಎಂಬ ನೆವ ಬೇರೆ. ಬಾಣಂತಿಯ ಕೋಣೆಯಲ್ಲಿ ರಾತ್ರಿಯಿಡೀ ಉರಿದದ್ದು, ಮಕ್ಕಳು ಅಕ್ಷರ ತಿದ್ದಿದ್ದು ಆ ಗಾಜಿನ ಬೆಳಕಿನಲ್ಲಿಯೇ.

ಕೈಗೆ ತೊಡುವ ಬಳೆಯದೂ ಇದೇ ಕಥೆ. ನಮ್ಮ ಹೆಣ್ಣುಮಕ್ಕಳು ಜೀವಮಾನವಿಡೀ ಕೊಂಡ ಗಾಜು ಅದೊಂದೇ. ಬಳೆಗಾರನ ಮುಂದೆ ಕೈಯೊಡ್ಡಿ ಬಣ್ಣ ಆರಿಸುವಾಗಿನ ಅವರ ಕಣ್ಣು ಯಾವ ಸಂಗ್ರಾಹಕನ ಕಣ್ಣಿಗೂ ಕಡಿಮೆಯಿರಲಿಲ್ಲ. ಕೂಡಿಸಿಡಲು ಮಾತ್ರ ಬರುವಂತಿರಲಿಲ್ಲ. ಗಂಡ ಸತ್ತ ದಿನ ಒಡೆಯಲೆಂದೇ ಗೊತ್ತುಮಾಡಿದ ಗಾಜನ್ನು ಯಾರು ಶೋಕೇಸಿನಲ್ಲಿ ಇಟ್ಟಾರು?

ಈಗ ಹೊಟೇಲಿನವರು ಹಳೆಯ ಕಂದೀಲು ತಂದು ತೂಗುಹಾಕುತ್ತಾರೆ, ಒಳಗೆ ಕರೆಂಟಿನ ಬಲ್ಬು. ಅದಕ್ಕೆ ಮಸಿ ಹಿಡಿಯುವುದಿಲ್ಲ, ಅದನ್ನು ಒರೆಸುವವರೂ ಬೇಕಿಲ್ಲ. ಇದನ್ನು ನಾನು ಸಂಗ್ರಹ ಎನ್ನಲಾರೆ. ಫಿನ್‌ಲ್ಯಾಂಡಿನ ರೀಹಿಮಾಕಿ ಊರಿನ ಗಾಜಿನ ವಸ್ತುಸಂಗ್ರಹಾಲಯದಲ್ಲಿ ಕಲಾವಿದರ ಗಾಜಿನ ಜೊತೆಗೆ ಸಾದಾ ಗಾಜಿಗೂ ಜಾಗವಿದೆ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲೂಕಿನ ಹಳ್ಳಿಗಳು ಮುಳುಗಡೆಯಾದಾಗ ಜನ ತೊಲೆ ಬಿಚ್ಚಿ ಒಯ್ದರು, ಬಾಗಿಲು ಕಿತ್ತು ಒಯ್ದರು. ಕಂದೀಲುಗಳು ಗುಜರಿಯವನ ಪಾಲಾದವು. ಅವನಿಗೆ ಬೇಕಾದದ್ದು ತಗಡು. “ಅಕ್ಕಾರ, ಗಾಜು ತೂಕಕ್ಕ ಬರೂದಿಲ್ರಿ” ಎಂದು ಅದನ್ನು ಬಿಚ್ಚಿ ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಿದ್ದ.