ಕಪ್ಪೆಯ ಕೋಶಕ್ಕೆ ಇಲಿಯ ಬಿಸಿ ಒಗ್ಗದು

ದೇಶದ ಪ್ರಯೋಗಾಲಯಗಳಿಗೆ ಸೆಲ್ ಲೈನ್ ಒದಗಿಸುವ ಭಂಡಾರ ಇರುವುದು ಪುಣೆಯಲ್ಲಿ, ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ. ಪ್ರಾಣಿಯ ಮೈಯಿಂದ ತೆಗೆದು ಬಾಟಲಿಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸುತ್ತ ಹೋಗುವ ಕೋಶಗಳೇ ಸೆಲ್ ಲೈನ್. ಮನುಷ್ಯನದೂ ಇಲಿಯದೂ ಇದ್ದರೆ ಸಾಕು, ಕಪ್ಪೆಯದೇಕೆ ಎಂಬ ಮಾತು ಈ ಕ್ಷೇತ್ರದಲ್ಲಿ ಬೇರುಬಿಟ್ಟಿದೆ. ಇದು ತಪ್ಪು.

ಕೋಶ ಸಾಕುವ ವಿದ್ಯೆ ಹುಟ್ಟಿದ್ದೇ ಕಪ್ಪೆಯಿಂದ. 1907ರಲ್ಲಿ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರದ ತುಣುಕನ್ನು ಕಪ್ಪೆಯದೇ ದುಗ್ಧರಸದ ಹನಿಯಲ್ಲಿಟ್ಟು, ನರತಂತು ಚಾಚಿಕೊಳ್ಳುವುದನ್ನು ಕಣ್ಣಾರೆ ಕಂಡರು. ಆಮೇಲೆ ಇಡೀ ವಿದ್ಯೆ ಬಿಸಿರಕ್ತದ ಪ್ರಾಣಿಗಳ ಕಡೆ ವಾಲಿತು. 37 ಡಿಗ್ರಿಯೇ ರೂಢಿಯಾಯಿತು. ಜಗತ್ತಿನ ಕಪ್ಪೆಗಳನ್ನು ಕೊಲ್ಲುತ್ತಿರುವ ಕೈಟ್ರಿಡ್ ಶಿಲೀಂಧ್ರ ಆ ಬಿಸಿಯಲ್ಲಿ ಕೆಲವೇ ತಾಸಿನಲ್ಲಿ ಸಾಯುತ್ತದೆ. ಅದು ಚರ್ಮದ ಕೋಶದೊಳಗೆ ಹೊಕ್ಕು ಮಾಡುವುದೇನೆಂದು ಇಲಿಯ ಕೋಶದಲ್ಲಿ ನೋಡುವುದು ಹೇಗೆ?

ಇದಕ್ಕೆ ಉತ್ತರ ಪುಣೆಯಲ್ಲೇ ಇದೆ. ಇಂದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಎನಿಸಿಕೊಂಡ ಅಂದಿನ ವೈರಸ್ ಸಂಶೋಧನಾ ಕೇಂದ್ರದಲ್ಲಿ ಕೆ.ಆರ್.ಪಿ. ಸಿಂಗ್ ಸೊಳ್ಳೆಮರಿಗಳಿಂದ ಸೆಲ್ ಲೈನ್ ಬೆಳೆಸಿ, 1967ರಲ್ಲಿ ನಮ್ಮ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. 1978ರಲ್ಲಿ ಇಗರಾಶಿ ಅದರಿಂದಲೇ ಬೇರ್ಪಡಿಸಿದ ಸಿ6/36 ತಳಿಯಲ್ಲಿ ಇವತ್ತಿಗೂ ಡೆಂಗಿ ವೈರಸ್ ಬೆಳೆಸುತ್ತಾರೆ. ಆಗಲೂ ಇಲಿಯ ಕೋಶಗಳಿದ್ದವು. ಆದರೂ ಸೊಳ್ಳೆ ಹರಡುವ ಬೇನೆಗೆ ಸೊಳ್ಳೆಯ ಕೋಶವೇ ಬೇಕಾಯಿತು.

ಕಪ್ಪೆಯ ಕೋಶ ಬೆಳೆಸುವ ಕೆಲಸ ಸಲೀಸೇನೂ ಅಲ್ಲ. ಕಾಲೇಜಿನಲ್ಲಿ ಮೇಣದ ತಟ್ಟೆಗೆ ಗುಂಡುಸೂಜಿ ಚುಚ್ಚಿ ಇಡೀ ಕಪ್ಪೆ ಸೀಳಿದ ತಲೆಮಾರು ನಮ್ಮದು. ಇಲ್ಲಿ ಬೇಕಿರುವುದು ಕಾಲ್ಬೆರಳ ತುದಿಯ ಸಣ್ಣ ಚೂರು. ಅದರ ಲೋಳೆಯಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ, ಔಷಧಿ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಇಲಿಯ ಕೋಶಕ್ಕೆ ಹಾಕುವ ದ್ರವ ಕಪ್ಪೆಗೆ ಉಪ್ಪು ಹೆಚ್ಚು, ನೀರು ಬೆರೆಸಿ ತೆಳು ಮಾಡಬೇಕು. ಬಿಸಿ 25 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಎಲ್ಲ ಕೂಡಿಬಂದರೆ, ದಿನಗಳ ಮೇಲೆ ಚೂರಿನ ಅಂಚಿನಿಂದ ಕದಿರಿನಾಕಾರದ ಕೋಶಗಳು ಒಂದೊಂದಾಗಿ ತೆವಳಿ ಹೊರಬರುತ್ತವೆ.

ಬಾಟಲಿಯ ಕೋಶ ಕಪ್ಪೆಯಲ್ಲ, ಅದರಿಂದ ಕಾಡು ಉಳಿಯದು, ಒಪ್ಪುತ್ತೇನೆ. ಆದರೆ ಪುಣೆಯ ದಕ್ಷಿಣಕ್ಕೆ ಕೊಯ್ನಾ ಸೀಮೆಗೆ ಹೋದರೆ ಅದೇ ಹೆಸರಿನ ನೆಲಗಪ್ಪೆಯೊಂದಿದೆ, ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ್ದು. ಅನುಮತಿ ಪಡೆದು ಅದರ ಒಂದು ಚೂರು ತರಬಹುದು, ಕಪ್ಪೆಯನ್ನು ಹಿಡಿದಲ್ಲೇ ಬಿಡಬಹುದು. ಕೋಶಗಳನ್ನು ಎಳೆಯ ಪೀಳಿಗೆಯಲ್ಲಿರುವಾಗಲೇ ದ್ರವ ಸಾರಜನಕದಲ್ಲಿ ಇಡಬಹುದು. ಅದಕ್ಕೆ ಬೇಕಾದ ಕೈಗಳೂ ಡಬ್ಬಿಗಳೂ ಗಣೇಶಖಿಂಡದಲ್ಲಿ ಈಗಾಗಲೇ ಇವೆ.